ಒಂದು ರೂಪಾಯಿಗೆ ಐವತ್ತು ರೂಪಾಯಿ: ಹವಾಮಾನ ಮುನ್ಸೂಚನೆಯ ಪ್ರಯೋಜನವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನಲ್ಲಿ ರೈತ ಉತ್ಪಾದಕ ಕಂಪನಿಯೊಂದನ್ನು ನಡೆಸುತ್ತಿದ್ದೇವೆ. ಸದಸ್ಯರಲ್ಲಿ ಹೆಚ್ಚಿನವರು ಮಳೆಯನ್ನೇ ನಂಬಿ ಶೇಂಗಾ ಬೆಳೆಯುವವರು. ಹವಾಮಾನ ಇಲಾಖೆಯ ಮುನ್ಸೂಚನೆಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುತ್ತೇವೆ. ಮುನ್ಸೂಚನೆಯ ಮೇಲೆ ಹಾಕಿದ ಒಂದು ರೂಪಾಯಿಗೆ ಐವತ್ತು ರೂಪಾಯಿ ಲಾಭ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಈ ಲೆಕ್ಕ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು? ನಮ್ಮ ಸದಸ್ಯರಿಗೆ ನಿಜಕ್ಕೂ ಪ್ರಯೋಜನವಾಗಿದೆಯೇ ಎಂಬುದನ್ನು ನಾವೇ ಅಳೆಯಲು ಸಾಧ್ಯವೇ?

ಉತ್ತರ: ನೀವು ಓದಿದ ಲೆಕ್ಕದ ಮೂಲ, ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯು ಕೇಂದ್ರ ಭೂವಿಜ್ಞಾನ ಸಚಿವಾಲಯಕ್ಕಾಗಿ ಸಿದ್ಧಪಡಿಸಿ 2020ರಲ್ಲಿ ಹೊರತಂದ ವರದಿ. ಮುಂಗಾರಿನ ಮುನ್ಸೂಚನೆಯನ್ನು ಸುಧಾರಿಸಲೆಂದು ಕೈಗೊಂಡ ಮಾನ್ಸೂನ್ ಮಿಷನ್ ಮತ್ತು ಅದಕ್ಕೆ ಬೇಕಾದ ಸೂಪರ್ ಕಂಪ್ಯೂಟರುಗಳ ಮೇಲೆ ಸರ್ಕಾರ ಹೂಡಿದ ಸುಮಾರು 1,000 ಕೋಟಿ ರೂಪಾಯಿಯಿಂದ ಜನರಿಗೆ ಏನು ದಕ್ಕಿತು ಎಂಬುದು ಆ ಮಂಡಳಿಯ ಮುಂದಿದ್ದ ಪ್ರಶ್ನೆ. 16 ರಾಜ್ಯಗಳ 121 ಜಿಲ್ಲೆಗಳಲ್ಲಿ 3,965 ರೈತರನ್ನು ಮುಖಾಮುಖಿ ಮಾತನಾಡಿಸಿ, ಮುನ್ಸೂಚನೆಯನ್ನು ನೋಡಿ ಅವರು ಒಂಬತ್ತು ಕೆಲಸಗಳಲ್ಲಿ ಯಾವುದನ್ನು ಬದಲಾಯಿಸಿಕೊಂಡರು ಎಂದು ಕೇಳಲಾಯಿತು. ಬೆಳೆ ಅಥವಾ ತಳಿಯನ್ನು ಬದಲಿಸುವುದು, ಉಳುಮೆ, ಬಿತ್ತನೆ ಮತ್ತು ಕೊಯ್ಲನ್ನು ಹಿಂದೆ ಮುಂದೆ ಮಾಡುವುದು, ನೀರು, ಗೊಬ್ಬರ ಮತ್ತು ಔಷಧಿಯ ವೇಳೆಯನ್ನು ಬದಲಿಸುವುದು, ಫಸಲನ್ನು ಸಂಗ್ರಹಿಸಿಡಲು ಏರ್ಪಾಡು ಮಾಡಿಕೊಳ್ಳುವುದು ಇವೇ ಆ ಕೆಲಸಗಳು. ಶೇಕಡಾ 98ರಷ್ಟು ರೈತರು ಒಂದನ್ನಾದರೂ ಬದಲಿಸಿಕೊಂಡಿದ್ದಾಗಿ ಹೇಳಿದರು. ಈ ಉತ್ತರಗಳ ಆಧಾರದ ಮೇಲೆ, ಮಳೆಯಾಶ್ರಿತ ಪ್ರದೇಶಗಳ ಬಡ ಕೃಷಿ ಕುಟುಂಬಗಳಿಗೆ ವರ್ಷಕ್ಕೆ 13,331 ಕೋಟಿ ರೂಪಾಯಿ ಲಾಭವೆಂದು ಅಂದಾಜಿಸಲಾಯಿತು. ಮುಂದಿನ ವರ್ಷಗಳ ಲಾಭವನ್ನೂ ಸೇರಿಸಿ ಹೂಡಿಕೆಯೊಂದಿಗೆ ಹೋಲಿಸಿದಾಗ ಬಂದದ್ದು ಒಂದಕ್ಕೆ ಐವತ್ತರ ಪ್ರಮಾಣ.

ಈ ವರದಿಯಲ್ಲಿ ನಾನು ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದುವುದು ಆದಾಯದ ಹೋಲಿಕೆಯನ್ನು. ಏನನ್ನೂ ಬದಲಿಸದ ಕುಟುಂಬಗಳ ಸರಾಸರಿ ವಾರ್ಷಿಕ ಆದಾಯ 1.98 ಲಕ್ಷ ರೂಪಾಯಿ. ಒಂದರಿಂದ ನಾಲ್ಕು ಬದಲಾವಣೆ ಮಾಡಿದವರದು 2.43 ಲಕ್ಷ, ಐದರಿಂದ ಎಂಟು ಮಾಡಿದವರದು 2.45 ಲಕ್ಷ, ಒಂಬತ್ತನ್ನೂ ಮಾಡಿದವರದು 3.02 ಲಕ್ಷ. ಮೇಲ್ನೋಟಕ್ಕೆ ಇದು ಮುನ್ಸೂಚನೆಯ ಫಲದಂತೆಯೇ ಕಾಣುತ್ತದೆ. ಆದರೆ ಮುನ್ಸೂಚನೆಯನ್ನು ನೋಡಿ ತಳಿಯನ್ನು ಬದಲಿಸಲು ಕೈಯಲ್ಲಿ ಹಣವಿರಬೇಕು, ನೀರಿನ ವೇಳೆಯನ್ನು ಬದಲಿಸಲು ಕೊಳವೆಬಾವಿ ಇರಬೇಕು, ಫಸಲನ್ನು ಕೂಡಿಡಲು ಜಾಗವಿರಬೇಕು. ಇವೆಲ್ಲ ಇದ್ದವರ ಆದಾಯ ಮುನ್ಸೂಚನೆ ಇಲ್ಲದಿದ್ದರೂ ಹೆಚ್ಚೇ ಇರುತ್ತಿತ್ತು. ಇನ್ನೊಂದು ಅಂಶವೂ ಇದೆ: ಶೇಕಡಾ 98 ಮಂದಿ ಏನಾದರೊಂದನ್ನು ಬದಲಿಸಿದ್ದರೆ, ಏನನ್ನೂ ಬದಲಿಸದವರು ಇಡೀ ದೇಶದ ಮಾದರಿಯಲ್ಲಿ ಎಂಬತ್ತರ ಆಸುಪಾಸಿನಷ್ಟು ಮಾತ್ರ. ಅಷ್ಟು ಚಿಕ್ಕ ಗುಂಪನ್ನು ತಳಪಾಯವಾಗಿಟ್ಟುಕೊಂಡು ಹೋಲಿಸಿದಾಗ ಬರುವ ವ್ಯತ್ಯಾಸವನ್ನು ಸಾವಿರಾರು ಕೋಟಿಗಳಿಗೆ ವಿಸ್ತರಿಸುವಾಗ ಬಹಳ ಹುಷಾರಾಗಿರಬೇಕು. ಸರ್ಕಾರದ ಸೇವೆಯ ಬಗ್ಗೆ ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ‘ಉಪಯೋಗವಾಯಿತು’ ಎಂದು ಹೇಳುವುದು ನಮ್ಮ ಹಳ್ಳಿಗಳ ಸೌಜನ್ಯವೂ ಹೌದು. ಹೀಗಾಗಿ ಐವತ್ತು ಎಂಬ ಸಂಖ್ಯೆಯನ್ನು ಲಾಭದ ಅಳತೆ ಎನ್ನುವುದಕ್ಕಿಂತ, ಲಾಭ ಇರಬಹುದೆಂಬ ಸೂಚನೆ ಎಂದು ಸ್ವೀಕರಿಸುವುದು ಸರಿ.

ಹಾಗಾದರೆ ಸರಿಯಾದ ಅಳತೆ ಯಾವುದು? ಅಮೆರಿಕದ ಹವಾಮಾನ ವಿಜ್ಞಾನಿ ಅಲನ್ ಮರ್ಫಿ 1993ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮುನ್ಸೂಚನೆ ಒಳ್ಳೆಯದು ಎನ್ನುವುದಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ ಎಂದು ವಿಂಗಡಿಸಿದರು. ಮುನ್ಸೂಚನೆ ಕೊಡುವವರು ತಮಗೆ ನಿಜವಾಗಿ ಅನ್ನಿಸಿದ್ದನ್ನೇ ಹೇಳಿದರೇ ಎಂಬುದು ಒಂದು. ಹೇಳಿದ್ದಕ್ಕೂ ನಡೆದದ್ದಕ್ಕೂ ಎಷ್ಟು ತಾಳೆಯಾಯಿತು ಎಂಬುದು ಎರಡನೆಯದು. ಅದನ್ನು ಕೇಳಿ ನಿರ್ಧಾರ ತೆಗೆದುಕೊಂಡವರಿಗೆ ಏನು ಉಪಕಾರವಾಯಿತು ಎಂಬುದು ಮೂರನೆಯದು. ಮೊದಲ ಎರಡನ್ನು ಹವಾಮಾನ ಇಲಾಖೆಯೇ ಅಳೆದುಕೊಳ್ಳಬಲ್ಲದು. ಮೂರನೆಯದಕ್ಕೆ ಮಳೆಮಾಪಕ ಸಾಲದು. ಅದು ಜನರ ನಂಬಿಕೆ, ಹಣ, ಭಯ, ಸಾಲ, ಕೂಲಿ ಇವುಗಳ ನಡುವೆ ಅಡಗಿರುವುದರಿಂದ ಅಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರಗಳ ನೆರವು ಬೇಕಾಗುತ್ತದೆ. ಮುನ್ಸೂಚನೆ ಎಷ್ಟೇ ನಿಖರವಾಗಿದ್ದರೂ ಅದರಿಂದ ಯಾರೊಬ್ಬರ ನಿರ್ಧಾರವೂ ಬದಲಾಗದಿದ್ದರೆ, ಮನಸ್ಸಿಗೆ ಸಿಗುವ ಸಮಾಧಾನವನ್ನು ಬಿಟ್ಟು, ಅದರ ಆರ್ಥಿಕ ಪ್ರಯೋಜನ ಸೊನ್ನೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಸಿಂಪಡಿಸಿದ ಔಷಧಿ ಮಳೆಗೆ ತೊಳೆದುಹೋದರೆ ಎಕರೆಗೆ 1,200 ರೂಪಾಯಿ ನಷ್ಟ, ಸಿಂಪಡಣೆಯನ್ನು ಎರಡು ದಿನ ಮುಂದಕ್ಕೆ ಹಾಕಿದರೆ ಕೀಟ ಬಾಧೆಯಿಂದ 300 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ಮುನ್ನೂರನ್ನು ಸಾವಿರದ ಇನ್ನೂರರಿಂದ ಭಾಗಿಸಿದರೆ ಕಾಲು ಭಾಗ. ಅಂದರೆ ಮಳೆಯ ಸಾಧ್ಯತೆ ಶೇಕಡಾ 25ಕ್ಕಿಂತ ಹೆಚ್ಚಿದ್ದರೆ ಈ ರೈತರು ಕಾಯುವುದು ಲೇಸು. ಪಕ್ಕದ ಹೊಲದಲ್ಲಿ ಹುಳದ ಹಾವಳಿ ಆಗಲೇ ಜೋರಾಗಿದ್ದು, ಎರಡು ದಿನ ಕಾದರೆ 900 ರೂಪಾಯಿ ನಷ್ಟವಾಗುವಂತಿದ್ದರೆ, ಅಲ್ಲಿ ಕಾಯಬೇಕಾದದ್ದು ಸಾಧ್ಯತೆ ಶೇಕಡಾ 75 ದಾಟಿದಾಗ ಮಾತ್ರ. ‘ನಾಳೆ ಮಳೆಯಾಗುವ ಸಾಧ್ಯತೆ ಶೇಕಡಾ 50’ ಎಂಬ ಒಂದೇ ಮುನ್ಸೂಚನೆಯನ್ನು ಕೇಳಿ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಸಿಂಪಡಿಸುತ್ತಾರೆ, ಮತ್ತು ಇಬ್ಬರದೂ ಸರಿಯಾದ ನಿರ್ಧಾರವೇ. ಆದುದರಿಂದ ‘ಎಷ್ಟು ಜನ ಸಲಹೆಯಂತೆ ನಡೆದರು’ ಎಂದು ಎಣಿಸುವುದು ಪ್ರಯೋಜನದ ಅಳತೆಯಾಗಲಾರದು. ನಿಮ್ಮ ಗುಂಪಿನಲ್ಲಿ ‘ಸಿಂಪಡಿಸಬೇಡಿ’ ಎಂದಷ್ಟೇ ಬರೆಯುವುದಕ್ಕಿಂತ ಮಳೆಯ ಸಾಧ್ಯತೆ ಎಷ್ಟು ಎಂಬುದನ್ನೂ ತಿಳಿಸುವುದು ಮೇಲು ಎನ್ನುವುದಕ್ಕೆ ಇದೇ ಕಾರಣ.

ಕೇಳುವವರ ಮನಸ್ಸಿನಲ್ಲಿ ಮೊದಲೇ ಏನಿತ್ತು ಎಂಬುದು ಇದಕ್ಕಿಂತಲೂ ಮುಖ್ಯವಾದ ಸಂಗತಿ, ಮತ್ತು ಮೌಲ್ಯಮಾಪನಗಳಲ್ಲಿ ಬಹಳ ಸಲ ಬಿಟ್ಟುಹೋಗುವುದೂ ಅದೇ. ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟದ್ದು ನಮ್ಮ ನೆರೆಯ ತೆಲಂಗಾಣದಲ್ಲಿ 2022ರ ಮುಂಗಾರಿನಲ್ಲಿ ನಡೆದ ಪ್ರಯೋಗ. ಷಿಕಾಗೊ ವಿಶ್ವವಿದ್ಯಾಲಯದ ಫಿಯೋನಾ ಬರ್ಲಿಗ್, ಅಮೀರ್ ಜಿನಾ ಮತ್ತು ಅವರ ಸಂಗಡಿಗರು 250 ಹಳ್ಳಿಗಳನ್ನು ಲಾಟರಿಯ ರೀತಿಯಲ್ಲಿ ವಿಂಗಡಿಸಿ, ಕೆಲವು ಹಳ್ಳಿಗಳ ರೈತರಿಗೆ ಮುಂಗಾರು ಯಾವಾಗ ಕಾಲಿಡುತ್ತದೆ ಎಂಬ ಮುನ್ಸೂಚನೆಯನ್ನು ಮುಂಚಿತವಾಗಿ ನೀಡಿದರು, ಕೆಲವರಿಗೆ ಮಳೆ ವಿಮೆಯನ್ನು ನೀಡಿದರು, ಉಳಿದವರನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಮುನ್ಸೂಚನೆ ಕೊಡುವ ಮೊದಲು, ಮಳೆ ಯಾವಾಗ ಶುರುವಾದೀತೆಂದು ಪ್ರತಿಯೊಬ್ಬರೂ ನಂಬಿದ್ದಾರೆ ಎಂಬುದನ್ನು ದಾಖಲಿಸಿಕೊಂಡಿದ್ದರು. ಫಲಿತಾಂಶ ಹೀಗಿತ್ತು: ತಾವು ಎಣಿಸಿದ್ದಕ್ಕಿಂತ ಮಳೆ ತಡವೆಂದು ತಿಳಿದವರು ಬಿತ್ತುವ ಭೂಮಿಯನ್ನು ಶೇಕಡಾ 22ರಷ್ಟು ಕಡಿಮೆ ಮಾಡಿದರು; ಎಣಿಸಿದ್ದಕ್ಕಿಂತ ಬೇಗ ಎಂದು ತಿಳಿದವರು ಬೀಜ, ಗೊಬ್ಬರ ಮೊದಲಾದವುಗಳ ಮೇಲೆ ಹೆಚ್ಚು ಹಣ ಹಾಕಿದರು; ಎಣಿಸಿದ್ದನ್ನೇ ಕೇಳಿದವರು ಹೆಚ್ಚೇನೂ ಬದಲಿಸಲಿಲ್ಲ. ಪೂರ್ವದ ನಂಬಿಕೆಯನ್ನು ದಾಖಲಿಸದೆ ಎಲ್ಲರ ಸರಾಸರಿಯನ್ನಷ್ಟೇ ತೆಗೆದಿದ್ದರೆ, ಹೆಚ್ಚಿಸಿದವರೂ ತಗ್ಗಿಸಿದವರೂ ಪರಸ್ಪರ ಕಳೆದುಹೋಗಿ, ಮುನ್ಸೂಚನೆಯಿಂದ ವಿಶೇಷವೇನೂ ಆಗಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರಬಹುದಿತ್ತು. ಕಡಿಮೆ ಬಿತ್ತುವುದೂ ಲಾಭವೇ ಎಂಬುದು ನಿಮ್ಮ ತಾಲ್ಲೂಕಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಶೇಂಗಾದಲ್ಲಿ ಬೀಜದ ಖರ್ಚೇ ದೊಡ್ಡದು. ಒಂದು ಹದ ಮಳೆಯನ್ನು ನಂಬಿ ಹಾಕಿದ ಬೀಜ ಒಣಗಿ ಹೋದರೆ ಮರುಬಿತ್ತನೆಗೆ ಮತ್ತೆ ಸಾಲ ಮಾಡಬೇಕಾದ ಕಷ್ಟವನ್ನು ಅಲ್ಲಿಯ ಪ್ರತಿ ಮನೆಯೂ ಬಲ್ಲದು.

ಇಂತಹ ಅಧ್ಯಯನಗಳು ಕಾಗದದಲ್ಲೇ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ, ಕೃತಕ ಬುದ್ಧಿಮತ್ತೆಯ ಮಾದರಿಗಳಿಂದ ತಯಾರಾದ ಮುಂಗಾರು ಆರಂಭದ ಮುನ್ಸೂಚನೆಯನ್ನು ಮೊಬೈಲಿಗೆ ಕಳುಹಿಸಿತು. ನಡುವೆ ಮುಂಗಾರು ಮುನ್ನಡೆಯದೆ ನಿಂತಾಗ ಆ ವಿರಾಮದ ಸುಳಿವನ್ನೂ ಆ ಸಂದೇಶಗಳು ಮೊದಲೇ ಕೊಟ್ಟಿದ್ದವು.

ರೈತರ ಲಾಭವನ್ನಷ್ಟೇ ಲೆಕ್ಕ ಹಾಕಿ ನಿಲ್ಲಿಸಿದರೆ ಕೂಲಿಯವರ ಪಾಲು ಕಾಣೆಯಾಗುತ್ತದೆ. ಮಾರ್ಕ್ ರೋಸೆನ್ಸ್‌ವೈಗ್ ಮತ್ತು ಕ್ರಿಸ್ಟೊಫರ್ ಉಡ್ರಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಮುಂಗಾರು ಮುನ್ಸೂಚನೆಗಳನ್ನು ಕುರಿತು ನಡೆಸಿದ ಸಂಶೋಧನೆಯಲ್ಲಿ ಈ ಕಡೆಗೂ ಗಮನ ಹರಿಸಿದ್ದಾರೆ. ಮಳೆ ಚೆನ್ನಾಗಿ ಆಗುತ್ತದೆ ಎಂಬ ಸುದ್ದಿ ಹರಡಿದರೆ ರೈತರು ಹೆಚ್ಚು ಬಿತ್ತುತ್ತಾರೆ, ಊರಿನಲ್ಲೇ ಕೆಲಸ ಸಿಗುತ್ತದೆಂದು ಕೂಲಿಯವರು ಗುಳೆ ಹೋಗದೆ ಉಳಿಯುತ್ತಾರೆ. ಮುನ್ಸೂಚನೆ ಹುಸಿಯಾದರೆ ಕೊಯ್ಲಿನ ಕಾಲಕ್ಕೆ ಕೆಲಸ ಕಡಿಮೆ, ಕೈಗಳು ಹೆಚ್ಚು, ಕೂಲಿ ಇಳಿಯುತ್ತದೆ. ಹೊಲವಿದ್ದವರ ನಷ್ಟಕ್ಕೆ ವಿಮೆಯೋ ಪರಿಹಾರವೋ ಸಿಗಬಹುದು, ಊರಿನಲ್ಲಿ ಉಳಿದು ನಷ್ಟ ಅನುಭವಿಸಿದ ಕೂಲಿಕಾರರಿಗೆ ಅದೂ ಇಲ್ಲ. ನಿಮ್ಮ ಭಾಗದಿಂದ ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಮಳೆಯನ್ನು ನೋಡಿಯೇ ಆದ್ದರಿಂದ, ಅವರನ್ನು ಲೆಕ್ಕದ ಹೊರಗಿಡುವುದು ನ್ಯಾಯವಲ್ಲ.

ಇನ್ನೊಂದು ಮಾರ್ಗವೆಂದರೆ, ಈ ಸೇವೆಗೆ ಎಷ್ಟು ಹಣ ಕೊಡಲು ಸಿದ್ಧರಿದ್ದೀರಿ ಎಂದು ಜನರನ್ನೇ ಕೇಳುವುದು. ಜೆಫ್ರಿ ಲೇಜೊ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆ ಇದಕ್ಕೆ ಹೆಸರಾದದ್ದು. ಅಲ್ಲಿ ಒಬ್ಬ ವಯಸ್ಕ ವ್ಯಕ್ತಿ ತಿಂಗಳಿಗೆ ಸರಾಸರಿ 115 ಬಾರಿ ಮುನ್ಸೂಚನೆಯನ್ನು ನೋಡುತ್ತಾನೆ ಅಥವಾ ಕೇಳುತ್ತಾನೆ, ಕುಟುಂಬವೊಂದು ಅದಕ್ಕೆ ವರ್ಷಕ್ಕೆ 286 ಡಾಲರ್ ಬೆಲೆ ಕಟ್ಟುತ್ತದೆ ಎಂದು ಕಂಡುಬಂತು. ದೇಶಕ್ಕೆಲ್ಲ ಕೂಡಿಸಿದರೆ 31.5 ಬಿಲಿಯನ್ ಡಾಲರ್. ಸರ್ಕಾರಿ ಮತ್ತು ಖಾಸಗಿ ಹವಾಮಾನ ಸೇವೆಗಳ ಒಟ್ಟು ಖರ್ಚು 5.1 ಬಿಲಿಯನ್. ಕೊಡೆ ಒಯ್ಯಬೇಕೇ, ಪ್ರವಾಸ ಹೊರಡಬೇಕೇ ಎಂಬಂತಹ ನೂರಾರು ಸಣ್ಣ ನಿರ್ಧಾರಗಳ ಬೆಲೆಯನ್ನು ಬೇರೆ ರೀತಿಯಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಈ ವಿಧಾನಕ್ಕೆ ಅದರದೇ ಆದ ಜಾಗವಿದೆ. ಬಡವರ ನಡುವೆ ಮಾತ್ರ ಅದನ್ನು ಬಳಸುವಾಗ ನನಗೆ ಆತಂಕವಾಗುತ್ತದೆ. ಐವತ್ತು ರೂಪಾಯಿಗಿಂತ ಹೆಚ್ಚು ಕೊಡಲಾರೆ ಎನ್ನುವ ರೈತ ಮಹಿಳೆಗೆ ಆ ಮಾಹಿತಿಯ ಉಪಯೋಗ ಐವತ್ತು ರೂಪಾಯಿಯದು ಮಾತ್ರ ಎಂದು ಬರೆದುಕೊಂಡರೆ, ಬಡತನವನ್ನು ಅಳೆದು ಅದಕ್ಕೆ ಮುನ್ಸೂಚನೆಯ ಬೆಲೆ ಎಂಬ ಹೆಸರಿಟ್ಟಂತಾಗುತ್ತದೆ.

ಪ್ರಾಣ ಉಳಿಸುವ ಮುನ್ಸೂಚನೆಗಳ ಲೆಕ್ಕದಲ್ಲಿ ತೊಡಕು ಬೇರೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರ ಫೈಲಿನ್ ಚಂಡಮಾರುತದ ವೇಳೆ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ಐವತ್ತನ್ನು ದಾಟಲಿಲ್ಲ. 2019ರ ಫೋನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಸಾಗಿಸಲಾಯಿತು, 64 ಮಂದಿ ತೀರಿಕೊಂಡರು. ಈ ಅಗಾಧ ವ್ಯತ್ಯಾಸದಲ್ಲಿ ಮುನ್ಸೂಚನೆಯ ಪಾಲೆಷ್ಟು? ನಡುವಿನ ವರ್ಷಗಳಲ್ಲಿ ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಪ್ರಾಧಿಕಾರವನ್ನು ಸ್ಥಾಪಿಸಿತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ರಸ್ತೆಗಳು ಬಂದವು, ಕೈಕೈಗೆ ಫೋನು ಬಂತು, ಸ್ವಯಂಸೇವಕರು ತಯಾರಾದರು. ಚಂಡಮಾರುತಗಳ ಬಲವೂ ದಾರಿಯೂ ಒಂದೇ ಆಗಿರಲಿಲ್ಲ. ಮುನ್ಸೂಚನೆ ಇಲ್ಲದೆ ಆಶ್ರಯ ಕಟ್ಟಡ ನಿರುಪಯುಕ್ತ, ಆಶ್ರಯ ಕಟ್ಟಡ ಇಲ್ಲದೆ ಮುನ್ಸೂಚನೆಯೂ ನಿರುಪಯುಕ್ತ. ಹೀಗಿರುವಾಗ ಉಳಿದ ಜೀವಗಳನ್ನು ಎರಡಕ್ಕೂ ಪಾಲು ಹಂಚುವ ಪ್ರಯತ್ನವೇ ಅಸಂಗತವೆಂದು ನನ್ನ ಅಭಿಪ್ರಾಯ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಿಂದ 1,344 ಹೆಚ್ಚುವರಿ ಸಾವುಗಳಾದ ನಂತರ 2013ರಲ್ಲಿ ಮುನ್ಸೂಚನೆಯನ್ನು ಆಧರಿಸಿದ ಬಿಸಿಲು ಕ್ರಿಯಾ ಯೋಜನೆ ಜಾರಿಗೆ ಬಂತು. ಅದನ್ನು ಪರಿಶೀಲಿಸಿದ ಸಂಶೋಧಕರು ಜಾಣ್ಮೆಯಿಂದ, ಯೋಜನೆಯ ಯಾವುದೋ ಒಂದು ಭಾಗದ ಫಲವನ್ನು ಬೇರ್ಪಡಿಸಲು ಹೋಗದೆ, ಅದೇ ಮಟ್ಟದ ಬಿಸಿಲಿನ ದಿನಗಳಲ್ಲಿ ಮೊದಲು ಎಷ್ಟು ಸಾವುಗಳಾಗುತ್ತಿದ್ದವು, ಯೋಜನೆ ಬಂದ ಮೇಲೆ ಎಷ್ಟಾದವು ಎಂದು ಹೋಲಿಸಿದರು. 2014 ಮತ್ತು 2015ರಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿದವೆಂಬುದು ಅವರ ಅಂದಾಜು.

ಎಚ್ಚರಿಕೆ ತಲುಪಿದ ಮಾತ್ರಕ್ಕೆ ಜನ ಏಳುವುದಿಲ್ಲ ಎಂಬುದಕ್ಕೆ ಅಮೆರಿಕದ ಜಾಪ್ಲಿನ್ ಪಟ್ಟಣದ ಉದಾಹರಣೆಯಿದೆ. 2011ರ ಮೇ 22ರಂದು ಅಲ್ಲಿ ಸುಂಟರಗಾಳಿಗೆ ಸುಮಾರು 160 ಜನ ಸತ್ತರು. ಎಚ್ಚರಿಕೆ ಮೊದಲೇ ಹೊರಟಿತ್ತು, ಸೈರನ್ನೂ ಕೂಗಿತ್ತು. ಬದುಕುಳಿದವರನ್ನು ಮಾತನಾಡಿಸಿದಾಗ ತಿಳಿದದ್ದೇನೆಂದರೆ, ಪದೇ ಪದೇ ಕೇಳಿ ಅಭ್ಯಾಸವಾಗಿದ್ದ ಸೈರನ್ನನ್ನು ಕೇಳಿದ ಕೂಡಲೇ ಹೆಚ್ಚಿನವರು ಅಡಗಿಕೊಳ್ಳಲಿಲ್ಲ. ಟಿವಿ ಹಾಕಿದರು, ಹೊರಗೆ ಬಂದು ಆಕಾಶ ನೋಡಿದರು, ಇನ್ನೊಂದು ಸುಳಿವಿಗಾಗಿ ಕಾದರು. ಇದು ಅಂಕಿಗಳಲ್ಲಿ ಸಿಗುವಂತಹದ್ದಲ್ಲ, ಕೂತು ಕೇಳಿದರೆ ಮಾತ್ರ ಸಿಗುವಂತಹದ್ದು. ನಮ್ಮ ಭಾಗದಲ್ಲಿಯೂ ಇಂತಹ ಕೇಳುವಿಕೆಯ ಪರಂಪರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಪಾವಗಡ ಸೀಮೆಯ ಶೇಂಗಾ ರೈತರನ್ನು ಸಂಶೋಧನೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡು, ಯಾವ ಮಾಹಿತಿ ಸಿಕ್ಕರೆ ಯಾವ ನಿರ್ಧಾರ ಬದಲಾದೀತು ಎಂಬುದನ್ನು ಮೊದಲು ತಿಳಿದು, ಆಮೇಲೆ ದಶಕಗಳ ಮಳೆ ದಾಖಲೆಯನ್ನು ಬೆಳೆ ಮಾದರಿಗಳೊಂದಿಗೆ ಇಟ್ಟು ಬಿತ್ತನೆಯ ಅವಧಿಯನ್ನು ಕುರಿತು ಅಧ್ಯಯನ ಮಾಡಿದರು. ಆ ಕ್ರಮವನ್ನೇ ತಿರುಗಿಸಿ, ಮುನ್ಸೂಚನೆಯನ್ನು ಮೊದಲು ತಯಾರಿಸಿ ಆಮೇಲೆ ಬಳಕೆದಾರರನ್ನು ಹುಡುಕುವುದು ಇಂದಿಗೂ ನಡೆಯುತ್ತಿರುವುದು ಬೇಸರದ ಸಂಗತಿ. ಮುನ್ಸೂಚನೆಯನ್ನು ಸ್ಥಳೀಯ ಸಲಹೆಯಾಗಿ ತಿರುಗಿಸಿ ಕೊಡುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿಹೋದವು. ಅಂತಹ ಘಟಕದಲ್ಲಿ ಕೂತು ರೈತರ ಫೋನಿಗೆ ಉತ್ತರಿಸುವ ವ್ಯಕ್ತಿಯಿಂದ ಎಷ್ಟು ಉಪಯೋಗವಾಗುತ್ತದೆ ಎಂಬುದನ್ನು ಸಕಾಲದಲ್ಲಿ ಗಟ್ಟಿಯಾಗಿ ಅಳೆದು ತೋರಿಸುವುದು ಹಣಕಾಸಿನ ತೀರ್ಮಾನಗಳಾಗುವ ವೇಳೆಗೆ ಬಹಳ ಮುಖ್ಯವಾಗುತ್ತದೆ.

ಇನ್ನು ನೀವು ಏನು ಮಾಡಬಹುದು. ಅಳೆಯಲು ಖಂಡಿತ ಸಾಧ್ಯ, ಆದರೆ ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೋಗಬೇಡಿ. ಒಂದೇ ಒಂದು ನಿರ್ಧಾರವನ್ನು ಆರಿಸಿಕೊಳ್ಳಿ. ನಿಮ್ಮಲ್ಲಿ ಅದು ಶೇಂಗಾ ಬಿತ್ತನೆಯ ದಿನವಾಗಿದ್ದರೆ ಒಳ್ಳೆಯದು. ಸದಸ್ಯರಿರುವ ಹಳ್ಳಿಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದು ಎಲ್ಲರೆದುರು ಎತ್ತಿ, ಮೊದಲ ವರ್ಷ ಅರ್ಧ ಹಳ್ಳಿಗಳಲ್ಲಿ ಬಿತ್ತನೆ ಕುರಿತ ವಿಶೇಷ ಮುನ್ಸೂಚನೆ ಮತ್ತು ವಿವರಣೆಯನ್ನು ಆರಂಭಿಸಿ, ಉಳಿದ ಹಳ್ಳಿಗಳಲ್ಲಿ ಮುಂದಿನ ವರ್ಷ ಆರಂಭಿಸಿ. ಈಗ ಕಳುಹಿಸುತ್ತಿರುವ ಸಾಮಾನ್ಯ ಸಂದೇಶಗಳನ್ನಾಗಲಿ, ಸಿಡಿಲು ಮತ್ತು ಭಾರೀ ಮಳೆಯ ಎಚ್ಚರಿಕೆಗಳನ್ನಾಗಲಿ ಯಾರಿಗೂ ನಿಲ್ಲಿಸಬಾರದು. ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು ತಡೆಹಿಡಿದು ಪ್ರಯೋಗ ಮಾಡುವ ಹಕ್ಕು ಯಾರಿಗೂ ಇಲ್ಲ. ವಿಂಗಡಣೆ ಹಳ್ಳಿಯ ಮಟ್ಟದಲ್ಲಿಯೇ ಇರಲಿ, ಏಕೆಂದರೆ ಒಂದೇ ಊರಿನೊಳಗೆ ಒಬ್ಬರಿಗೆ ಕಳುಹಿಸಿದ ಸಂದೇಶ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೀಗೆ ವಿಂಗಡಿಸಿದಾಗ ಹೋಲಿಕೆ ನಡೆಯುವುದು ಹಳ್ಳಿ ಹಳ್ಳಿಗಳ ನಡುವೆ ಆದ್ದರಿಂದ, ಹತ್ತು ಹಳ್ಳಿಗಳಲ್ಲಿ ತಲಾ ನೂರು ರೈತರನ್ನು ಕೇಳುವುದಕ್ಕಿಂತ ಐವತ್ತು ಹಳ್ಳಿಗಳಲ್ಲಿ ತಲಾ ಇಪ್ಪತ್ತು ರೈತರನ್ನು ಕೇಳಿದರೆ ಫಲಿತಾಂಶ ಹೆಚ್ಚು ಗಟ್ಟಿಯಾಗಿರುತ್ತದೆ.

ರೈತರ ನಂಬಿಕೆಯನ್ನು ದಾಖಲಿಸುವುದು ಕಷ್ಟವೇನಲ್ಲ. ಹತ್ತು ಹುಣಸೆ ಬೀಜಗಳನ್ನು ಕೈಗಿತ್ತು, ನೆಲದ ಮೇಲೆ ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಮನೆಗಳನ್ನು ಬರೆದು, ಈ ವರ್ಷ ಬಿತ್ತನೆಗೆ ಹದವಾಗುವಷ್ಟು ಮಳೆ ಯಾವುದರಲ್ಲಿ ಬರಬಹುದೆಂದು ಬೀಜಗಳನ್ನು ಹಂಚಲು ಹೇಳಿ. ಹೆಚ್ಚು ಸಾಧ್ಯತೆ ಇರುವಲ್ಲಿ ಹೆಚ್ಚು ಬೀಜ. ಕಾಳು ಅಥವಾ ಕಲ್ಲುಗಳನ್ನು ಹೀಗೆ ಹಂಚಿಸಿ ಸಾಧ್ಯತೆಯ ಅಂದಾಜನ್ನು ತಿಳಿಯುವ ಕ್ರಮ ಹಳ್ಳಿಗಳ ಸಮೀಕ್ಷೆಗಳಲ್ಲಿ ರೂಢಿಯಲ್ಲಿದೆ, ಅಕ್ಷರ ಬಾರದವರೂ ಅದನ್ನು ಲೀಲಾಜಾಲವಾಗಿ ಮಾಡುತ್ತಾರೆ.

ಸುಗ್ಗಿಯ ನಂತರ ‘ಉಪಯೋಗವಾಯಿತೇ’ ಎಂದು ಕೇಳಬೇಡಿ. ಎಷ್ಟು ಎಕರೆ ಬಿತ್ತಿದಿರಿ, ಯಾವ ದಿನ, ಎಷ್ಟು ಬೀಜ, ಮರುಬಿತ್ತನೆ ಮಾಡಬೇಕಾಯಿತೇ, ಎಷ್ಟು ಆಳು ಹಚ್ಚಿದಿರಿ, ಎಷ್ಟು ಚೀಲ ಬಂತು, ಯಾವ ಬೆಲೆಗೆ ಹೋಯಿತು ಎಂದು ಕೇಳಿ. ಬಿತ್ತನೆ ಬೀಜ ಮತ್ತು ಗೊಬ್ಬರವನ್ನು ನಿಮ್ಮ ಕಂಪನಿಯೇ ಮಾರುತ್ತಿದ್ದರೆ, ಮಾರಾಟದ ಪುಸ್ತಕದಲ್ಲಿರುವ ದಿನಾಂಕಗಳು ಯಾರ ನೆನಪಿಗಿಂತಲೂ ನಂಬಲರ್ಹ. ನಿಜವಾಗಿ ಎಷ್ಟು ಮಳೆಯಾಯಿತು ಎಂಬುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪಕಗಳ ದಾಖಲೆ ಇದೆ. ಈ ವಿಷಯದಲ್ಲಿ ಕರ್ನಾಟಕದಷ್ಟು ಅನುಕೂಲ ದೇಶದ ಎಷ್ಟೋ ಕಡೆ ಇಲ್ಲ. ಸಂದೇಶ ಬಂದ ಫೋನು ಮನೆಯಲ್ಲಿ ಯಾರ ಕೈಯಲ್ಲಿತ್ತು, ಗುತ್ತಿಗೆಗೆ ಹೊಲ ಮಾಡುವವರಿಗೆ ಅದು ಮುಟ್ಟಿತೇ, ಬಿತ್ತುವ ದಿನವನ್ನು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಗಳನ್ನೂ ಸೇರಿಸಿ. ಪ್ರಯೋಜನವಾಗದ ಕಡೆ ಕಾರಣ ಬಹುತೇಕ ಅಲ್ಲೇ ಸಿಗುತ್ತದೆ, ಇಲ್ಲವಾದರೆ ಕೈಯಲ್ಲಿ ಹಣವಿಲ್ಲದಿರುವುದರಲ್ಲಿ ಅಥವಾ ಬಾಡಿಗೆ ಟ್ರ್ಯಾಕ್ಟರ್ ಬೇಕಾದ ದಿನ ಸಿಗದಿರುವುದರಲ್ಲಿ.

ಒಂದು ವರ್ಷದ ಫಲಿತಾಂಶದ ಮೇಲೆ ಏನನ್ನೂ ಘೋಷಿಸಬೇಡಿ. ಒಂದೇ ತಾಲ್ಲೂಕಿನ ಹಳ್ಳಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಮಳೆಗಾಲವನ್ನು ಕಾಣುವುದರಿಂದ, ಸಾವಿರ ರೈತರನ್ನು ಕೇಳಿದರೂ ನಿಮಗೆ ಸಿಕ್ಕಂತಾಗುವುದು ಒಂದೇ ಮುಂಗಾರಿನ ಅನುಭವ. ಎರಡನೆಯ ವರ್ಷದಿಂದ ಎಲ್ಲ ಹಳ್ಳಿಗಳಿಗೂ ಮುನ್ಸೂಚನೆ ಸಿಗುವುದರಿಂದ ಅಂತಹ ನೇರ ಹೋಲಿಕೆ ಮತ್ತೆ ಸಿಗದು. ಹಾಗಾಗಿ ಸಾಧ್ಯವಾದರೆ ಪಕ್ಕದ ಪಾವಗಡ, ಹಿರಿಯೂರು, ಮೊಳಕಾಲ್ಮೂರು ತಾಲ್ಲೂಕುಗಳ ಉತ್ಪಾದಕ ಕಂಪನಿಗಳನ್ನು ಜೊತೆಗೂಡಿಸಿಕೊಂಡು, ಒಂದೊಂದು ತಾಲ್ಲೂಕು ಒಂದೊಂದು ವರ್ಷ ಆರಂಭಿಸುವಂತೆ ಏರ್ಪಾಡು ಮಾಡಿ. ಚೀಟಿ ಎತ್ತುವುದು, ಹುಣಸೆ ಬೀಜದ ದಾಖಲೆ ಎರಡೂ ರೋಹಿಣಿ ಮಳೆ ಹುಟ್ಟುವ ಮೊದಲೇ, ಅಂದರೆ ಮೇ ಮೂರನೆಯ ವಾರದೊಳಗೆ ಮುಗಿದಿರಬೇಕು. ಒಂದು ಮಳೆ ಬಿದ್ದ ಮೇಲೆ ಕೇಳಿದರೆ, ಇದನ್ನು ಮೊದಲೇ ಎಣಿಸಿದ್ದೆವು ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಮತ್ತು ಆ ಉತ್ತರದಿಂದ ನಿಮ್ಮ ಲೆಕ್ಕಕ್ಕೆ ಏನೂ ಸಿಗುವುದಿಲ್ಲ.